ಜೋಕಿಚ್ ಮೊದಲೋ, ಶೇ ಮೊದಲೋ: ಹೊಸ ಎನ್‌ಬಿಎ ಸೀಸನ್‌ಗೆ ಮುನ್ನ ಆಟಗಾರರನ್ನು ತೂಗುವ ಬಗೆ

2025ರ ಅಕ್ಟೋಬರ್ 22ರ ಬೆಳಗಿನ ಜಾವ 5 ಗಂಟೆಗೆ ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2025-26ನೇ ಸೀಸನ್ ಶುರು. ಅಮೆರಿಕದಲ್ಲಿ ಅದಿನ್ನೂ 21ರ ರಾತ್ರಿ, ನಮ್ಮಲ್ಲಿ ಬಲಿಪಾಡ್ಯಮಿ. ತೀರ್ಥಹಳ್ಳಿ, ಹೊಸನಗರದ ಕಡೆ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಮನೆ ತಿರುಗಿ ಬೆಳಗು ಮಾಡುವ ಹೊತ್ತಿಗೆ ಸರಿಯಾಗಿ ಒಕ್ಲಹೋಮ ಸಿಟಿಯಲ್ಲಿ ಥಂಡರ್ ಮತ್ತು ಹೂಸ್ಟನ್ ರಾಕೆಟ್ಸ್ ತಂಡಗಳು ಕೋರ್ಟಿಗೆ ಇಳಿಯುತ್ತವೆ. ಹಬ್ಬಕ್ಕೆ ಬೆಂಗಳೂರಿನಿಂದ ಊರಿಗೆ ಬಂದವರು, ಶಿವಮೊಗ್ಗದ ಕಾಲೇಜು ತಂಡದ ಹುಡುಗರು ಸೇರಿ ಫ್ಯಾಂಟಸಿ ಲೀಗ್ ಕಟ್ಟುವುದೂ ಇದೇ ವಾರ, ಅಂದರೆ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಮಾಡಿ, ಅವರ ಅಂಕಿ-ಅಂಶದ ಮೇಲೆ ಪೈಪೋಟಿ ನಡೆಸುವ ಆಟ. ಮೊದಲ ಆಯ್ಕೆ ಕೈಗೆ ಬಂದರೆ ಯಾರನ್ನು ಎತ್ತಬೇಕು? ದಿನಕ್ಕೆ ಒಂದೇ ಪಂದ್ಯ ನೋಡಲು ಪುರುಸೊತ್ತಿದ್ದರೆ ಯಾರದ್ದು? ಕೋರ್ಟಿನಲ್ಲಿ ಕಲಿಯಲು ಯಾರ ಆಟ ಒಳ್ಳೆಯದು? ಮೂರಕ್ಕೂ ಒಂದೇ ಉತ್ತರ ಇಲ್ಲ. ಗೊಂದಲ ಹುಟ್ಟುವುದೇ ಮೂರನ್ನೂ ಒಂದೇ ಪಟ್ಟಿಯಲ್ಲಿ ಹುಡುಕುವುದರಿಂದ.

ಒಂದರಿಂದ ಹತ್ತು ಅಂತ ನಂಬರ್ ಹಾಕಿದ ಪಟ್ಟಿಗಳಿಗೇನೂ ಬರವಿಲ್ಲ. ಆದರೆ ಅಂಥ ಪಟ್ಟಿಯಲ್ಲಿ 1ಕ್ಕೂ 2ಕ್ಕೂ ಇರುವ ದೂರ, 5ಕ್ಕೂ 6ಕ್ಕೂ ಇರುವ ದೂರ ಒಂದೇ ಎಂಬಂತೆ ಕಾಣುತ್ತದೆ. ಶಿವಮೊಗ್ಗದ ಮಂಡಿಯಲ್ಲಿ ಯಾರೂ ಅಡಿಕೆಯನ್ನು ಹಾಗೆ ಎಣಿಸುವುದಿಲ್ಲ. ಮೇಲಿನಿಂದ ಕೆಳಕ್ಕೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ವರ್ಗ ಮಾಡಿ ರೇಟು ಕಟ್ಟುತ್ತಾರೆ. ಒಂದೇ ವರ್ಗದೊಳಗೆ ಚೌಕಾಸಿ ಸಣ್ಣದು, ವರ್ಗ ಬದಲಾಯಿತೋ ಕ್ವಿಂಟಲ್ ಲೆಕ್ಕವೇ ಬೇರೆ. ಆಟಗಾರರನ್ನೂ ಹಾಗೇ ತೂಗಬೇಕು. ಡೆನ್ವರ್‌ನ ನಿಕೋಲಾ ಜೋಕಿಚ್ ಮತ್ತು ಥಂಡರ್‌ನ ಶೇ ಗಿಲ್ಜಸ್-ಅಲೆಕ್ಸಾಂಡರ್ ನಡುವೆ ಯಾರು ಮೊದಲು ಅಂತ ಜಗಳವಾಡಿ ರಾತ್ರಿ ಕಳೆಯುವ ಬದಲು, ಅವರಿಬ್ಬರಾದ ಮೇಲೆ ವರ್ಗ ಎಲ್ಲಿ ಮುರಿಯುತ್ತದೆ ಅಂತ ನೋಡಿಕೊಂಡರೆ ಲಾಭ ಜಾಸ್ತಿ.

ತೂಗುವ ಕಲ್ಲುಗಳು

ಮೊದಲನೆಯದು, ಆಡಿದ ಪಂದ್ಯ. ಒಂದು ತಂಡಕ್ಕೆ ಸೀಸನ್‌ನಲ್ಲಿ 82 ಪಂದ್ಯ. ಎಂವಿಪಿಯಂಥ (ಸೀಸನ್‌ನ ಅತ್ಯುತ್ತಮ ಆಟಗಾರ) ದೊಡ್ಡ ಪ್ರಶಸ್ತಿಗಳ ಪರಿಗಣನೆಗೆ ಬರಬೇಕಾದರೆ ಕನಿಷ್ಠ 65 ಪಂದ್ಯ ಆಡಿರಬೇಕು ಎಂಬ ನಿಯಮ 2023-24ರಿಂದ ಇದೆ. ಹಾಗಾಗಿ 65 ಒಂದು ಒಳ್ಳೆಯ ಗೆರೆ. ಒಂದೇ ವರ್ಷದ ಸಂಖ್ಯೆ ನೋಡಿದರೆ ಮೋಸ ಹೋಗುತ್ತೀರಿ, ಮೂರು ವರ್ಷದ್ದು ಕೂಡಿಸಿ ನೋಡಿ. ಕಳೆದ ಮೂರು ಸೀಸನ್‌ಗಳಲ್ಲಿ ಮಿನೆಸೊಟಾದ ಆಂಥನಿ ಎಡ್ವರ್ಡ್ಸ್ 237 ಪಂದ್ಯ ಆಡಿದ್ದಾನೆ, ಮೂರೂ ವರ್ಷ ಅಚ್ಚುಕಟ್ಟಾಗಿ 79, 79, 79. ಶೇ 219, ಜೋಕಿಚ್ 218, ಯಾನಿಸ್ 203, ಕರ್ರಿ 200, ಲೂಕಾ 186.

ಎರಡನೆಯದು, ಎಸೆತದ ಸದುಪಯೋಗ. ಬರೀ ಅಂಕ ನೋಡಿದರೆ ಚೆಂಡು ತಿನ್ನುವವನೂ ದೊಡ್ಡವನಾಗಿ ಕಾಣುತ್ತಾನೆ. ಇದಕ್ಕೆ ಟ್ರೂ ಶೂಟಿಂಗ್ ಎಂಬ ಲೆಕ್ಕ ಇದೆ, ಕೈಯಲ್ಲೇ ಹಾಕಬಹುದು. ಫ್ರೀ ಥ್ರೋ (ಫೌಲ್ ಆದಾಗ ಅಡ್ಡಿಯಿಲ್ಲದೆ ಸಿಗುವ ಎಸೆತ) ಯತ್ನಗಳನ್ನು 0.44ರಿಂದ ಗುಣಿಸಿ, ಅದಕ್ಕೆ ಕೋರ್ಟಿನಿಂದ ಎಸೆದ ಯತ್ನಗಳನ್ನು ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿ, ಅಂಕವನ್ನು ಅದರಿಂದ ಭಾಗಿಸಿ. 2024-25ರಲ್ಲಿ ಶೇ ಪಂದ್ಯಕ್ಕೆ 32.7 ಅಂಕ ಗಳಿಸಲು 21.8 ಬಾರಿ ಎಸೆದ, 8.8 ಫ್ರೀ ಥ್ರೋ ತೆಗೆದುಕೊಂಡ. 8.8ಕ್ಕೆ 0.44 ಅಂದರೆ 3.87, ಕೂಡಿದರೆ 25.67, ದುಪ್ಪಟ್ಟು ಮಾಡಿದರೆ 51.34, ಭಾಗಿಸಿದರೆ 63.7 ಶೇಕಡ. ಎಡ್ವರ್ಡ್ಸ್ 27.6 ಅಂಕಕ್ಕೆ ಇದೇ ಲೆಕ್ಕದಲ್ಲಿ 59.5ಕ್ಕೆ ನಿಲ್ಲುತ್ತಾನೆ. ಜೋಕಿಚ್ 66.3. ಶೇ, ಎಡ್ವರ್ಡ್ಸ್ ನಡುವಿನ ನಾಲ್ಕು ಶೇಕಡ ಅಂದರೆ ಕಡಿಮೆಯಲ್ಲ, ದಿನಕ್ಕೆ ಇಪ್ಪತ್ತು ಚಿಲ್ಲರೆ ಬಾರಿ ಎಸೆಯುವವನಿಗೆ ಪಂದ್ಯಕ್ಕೆ ಎರಡು ಅಂಕದ ಬೆಲೆ.

ಮೂರನೆಯದು, ಇನ್ನೊಬ್ಬರಿಗೆ ದಾರಿ ಮಾಡಿಕೊಡುವುದು, ಅದರ ಬೆನ್ನಿಗೇ ಟರ್ನೋವರ್, ಅಂದರೆ ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದು. ನಾಲ್ಕನೆಯದು ರಕ್ಷಣೆ. ಇದನ್ನು ಅಂಕಿ-ಅಂಶದಲ್ಲಿ ಹಿಡಿಯುವುದು ಕಷ್ಟ, ಬ್ಲಾಕ್ (ಎಸೆತವನ್ನು ಗಾಳಿಯಲ್ಲೇ ತಡೆಯುವುದು) ಮತ್ತು ಸ್ಟೀಲ್ (ಚೆಂಡು ಕಸಿಯುವುದು) ಅರ್ಧ ಕಥೆ ಮಾತ್ರ ಹೇಳುತ್ತವೆ. ಐದನೆಯದು ಪ್ಲೇಆಫ್, ಅಂದರೆ ಸೀಸನ್ ಆದ ಮೇಲಿನ ನಾಕೌಟ್ ಸರಣಿಗಳು: ಎದುರಾಳಿ ಏಳು ಪಂದ್ಯ ಒಬ್ಬನಿಗೇ ಗಾಳ ಹಾಕಿ ಕೂತಾಗಲೂ ಆಟ ನಡೆಯುತ್ತದೆಯೇ? ಕೊನೆಗೆ, ಈ ಸಲ ಸುತ್ತ ಯಾರಿದ್ದಾರೆ ಅನ್ನುವುದು. ತಂಡ ಬದಲಾದರೆ ಅದೇ ಆಟಗಾರ ಬೇರೆ ಮನುಷ್ಯನಾಗುತ್ತಾನೆ.

ಸರಕಿನ ವರ್ಗ: ಇಬ್ಬರೇ

ನಿಕೋಲಾ ಜೋಕಿಚ್ ಕಳೆದ ಸೀಸನ್‌ನಲ್ಲಿ ಪಂದ್ಯಕ್ಕೆ 29.6 ಅಂಕ, 12.7 ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು ಹಿಡಿಯುವುದು), 10.2 ಅಸಿಸ್ಟ್ (ಅಂಕಕ್ಕೆ ದಾರಿಯಾದ ಪಾಸ್) ಸರಾಸರಿ ಇಟ್ಟ. ಇಡೀ ಸೀಸನ್‌ಗೆ ಹೀಗೆ ಮೂರರಲ್ಲೂ ಎರಡಂಕಿಯ, ಅಂದರೆ ಟ್ರಿಪಲ್ ಡಬಲ್ ಸರಾಸರಿ ತಂದವರು ಅವನಿಗೆ ಮೊದಲು ಇಬ್ಬರೇ, ಆಸ್ಕರ್ ರಾಬರ್ಟ್‌ಸನ್ ಮತ್ತು ರಸೆಲ್ ವೆಸ್ಟ್‌ಬ್ರೂಕ್. ಇಬ್ಬರೂ ಚೆಂಡು ನಡೆಸುವ ಗಾರ್ಡ್‌ಗಳು. ಬುಟ್ಟಿಯ ಹತ್ತಿರ ಆಡುವ ಎತ್ತರದ ಸೆಂಟರ್ ಆಗಿ ಇದನ್ನು ಮಾಡಿದವನು ಇವನೊಬ್ಬನೇ. 2014ರ ಡ್ರಾಫ್ಟ್‌ನಲ್ಲಿ (ಸರದಿಯಂತೆ ಆಟಗಾರರನ್ನು ಆರಿಸುವುದು) 41ನೆಯವನಾಗಿ ಹೋದವನು, ಈಗ ಮೂರು ಎಂವಿಪಿ, 2023ರ ಚಾಂಪಿಯನ್.

ಅವನ ಆಟದ ಗುಟ್ಟು ವೇಗದಲ್ಲಿಲ್ಲ, ಹೊತ್ತು ಅರಿಯುವುದರಲ್ಲಿದೆ. ಫ್ರೀ ಥ್ರೋ ಗೆರೆಯ ಹತ್ತಿರ ಬುಟ್ಟಿಗೆ ಬೆನ್ನು ಕೊಟ್ಟು ಚೆಂಡು ಹಿಡಿದು ನಿಲ್ಲುತ್ತಾನೆ. ಕಾಯುವವನು ಒಂದು ಹೆಜ್ಜೆ ಮುಂದೆ ಬಂದರೆ ಸುತ್ತಿ ಒಳಗೆ ಹೋಗುತ್ತಾನೆ, ಎರಡನೆಯವನು ನೆರವಿಗೆ ಬಂದರೆ ಅವನು ಬಿಟ್ಟು ಬಂದ ಜಾಗಕ್ಕೆ ಚೆಂಡು ಆಗಲೇ ಹೋಗಿರುತ್ತದೆ. ಡೆನ್ವರ್‌ನವರು ಈ ಸಲ ಮೈಕೆಲ್ ಪೋರ್ಟರ್ ಜೂನಿಯರ್‌ನನ್ನು ಕೊಟ್ಟು ಕ್ಯಾಮರಾನ್ ಜಾನ್ಸನ್‌ನನ್ನು ತಂದಿದ್ದಾರೆ, ಬದಲಿ ಸೆಂಟರ್ ಆಗಿ ಯೋನಾಸ್ ವಲಾನ್ಚ್ಯೂನಾಸ್ ಬಂದಿದ್ದಾನೆ. ವರ್ಷಗಟ್ಟಲೆ ಡೆನ್ವರ್‌ನ ರೋಗ ಒಂದೇ ಆಗಿತ್ತು: ಜೋಕಿಚ್ ಬೆಂಚಿಗೆ ಹೋದ ಕೂಡಲೇ ಮುನ್ನಡೆ ಕರಗುವುದು. ಅದಕ್ಕೇ ಅವನನ್ನು ಪಂದ್ಯಕ್ಕೆ ಸುಮಾರು 37 ನಿಮಿಷ ದುಡಿಸಬೇಕಾಯಿತು. ಈ ಸಲ ಎರಡು ಮೂರು ನಿಮಿಷ ಕಡಿಮೆಯಾದರೆ ಸರಾಸರಿಯೂ ಚೂರು ಇಳಿಯಬಹುದು. ತಂಡಕ್ಕೆ ಅದು ಒಳ್ಳೆಯದು, ಫ್ಯಾಂಟಸಿ ಆಡುವವರಿಗೆ ಅಲ್ಲ.

ಕೊರತೆ? ರಕ್ಷಣೆ. ಸೆಂಟರ್ ಆದರೂ ಬ್ಲಾಕ್ ಕಡಿಮೆ, ಬುಟ್ಟಿಯ ಮೇಲೆ ಎಗರಿ ತಡೆಯುವವನಲ್ಲ. ಕೈಚಳಕದಿಂದ ಪಂದ್ಯಕ್ಕೆ 1.8 ಸ್ಟೀಲ್ ಹೊಡೆಯುತ್ತಾನೆ ಅನ್ನುವುದು ಬೇರೆ ಮಾತು. ಇನ್ನೊಂದು, ಮೇ ತಿಂಗಳಲ್ಲಿ ಪ್ಲೇಆಫ್‌ನಲ್ಲಿ ಥಂಡರ್ ವಿರುದ್ಧದ ಏಳನೇ ಪಂದ್ಯ. ಅಲ್ಲಿ ಅಲೆಕ್ಸ್ ಕರೂಸೊ ಎಂಬ 6 ಅಡಿ 5 ಅಂಗುಲದ ಗಾರ್ಡ್‌ನನ್ನು ಜೋಕಿಚ್‌ನ ಮುಂದೆ ನಿಲ್ಲಿಸಿ, ಚೆಂಡು ಅವನ ಕೈ ತಲುಪದಂತೆ ಮಾಡಿ, ಹಿಂದಿನಿಂದ ಇನ್ನೊಬ್ಬನನ್ನು ನೆರವಿಗೆ ಇಟ್ಟರು. ಡೆನ್ವರ್ 125-93ರಲ್ಲಿ ಸೋತಿತು. ಹೊರಗಿನಿಂದ ಎಸೆದು ಶಿಕ್ಷಿಸುವವರು ಇಲ್ಲದಿದ್ದರೆ ಈ ಬಲೆ ಕೆಲಸ ಮಾಡುತ್ತದೆ. ಜಾನ್ಸನ್ ಬಂದದ್ದು ಅದಕ್ಕೇ.

ಶೇ ಗಿಲ್ಜಸ್-ಅಲೆಕ್ಸಾಂಡರ್ ಬೇರೆ ಜಾತಿಯ ಆಟಗಾರ. ಅದೇ ಸೀಸನ್‌ನಲ್ಲಿ ಅತಿ ಹೆಚ್ಚು ಅಂಕದ ಸರಾಸರಿ, ಎಂವಿಪಿ, ಫೈನಲ್ಸ್ ಎಂವಿಪಿ, ಮೂರನ್ನೂ ಒಟ್ಟಿಗೆ ಗೆದ್ದ. ಹಾಗೆ ಕೊನೆಯ ಸಲ ಗೆದ್ದಿದ್ದು 2000ದಲ್ಲಿ ಶಕೀಲ್ ಓನೀಲ್. ಥಂಡರ್ 68 ಪಂದ್ಯ ಗೆದ್ದಿತು, ಫೈನಲ್‌ನಲ್ಲಿ ಇಂಡಿಯಾನಾವನ್ನು 4-3ರಿಂದ ಮಣಿಸಿತು. ಶೇ ಎಗರಿ ಡಂಕ್ ಹೊಡೆದು ಚಪ್ಪಾಳೆ ಗಿಟ್ಟಿಸುವವನಲ್ಲ. ಓಡುತ್ತಾ ಬಂದು ಬುಟ್ಟಿಗೆ 12-15 ಅಡಿ ದೂರದಲ್ಲಿ ಗಕ್ಕನೆ ನಿಲ್ಲುತ್ತಾನೆ. ಕಾಯುವವನ ದೇಹ ಇನ್ನೂ ಮುಂದಕ್ಕೇ ಹೋಗುತ್ತಿರುತ್ತದೆ, ಅಷ್ಟರಲ್ಲಿ ಚೆಂಡು ಮೇಲಿರುತ್ತದೆ. ಫ್ರೀ ಥ್ರೋ 89.8 ಶೇಕಡ. ಇಷ್ಟು ಚೆಂಡು ಕೈಯಲ್ಲಿಟ್ಟುಕೊಂಡೂ ಟರ್ನೋವರ್ ಪಂದ್ಯಕ್ಕೆ 2.4 ಮಾತ್ರ. ಗಾರ್ಡ್ ಆಗಿದ್ದೂ 1.7 ಸ್ಟೀಲ್, 1.0 ಬ್ಲಾಕ್.

ಅವನ ಮೇಲಿನ ದೂರು, ಫೌಲ್ ಗಿಟ್ಟಿಸಲು ದೇಹ ತೂರುತ್ತಾನೆ ಎನ್ನುವುದು. ಸುಳ್ಳಲ್ಲ. ಆದರೆ ಫೈನಲ್‌ನಲ್ಲೂ ಪಂದ್ಯಕ್ಕೆ 30.3 ಅಂಕ ಬಂತು ಎಂಬುದನ್ನೂ ಪಕ್ಕದಲ್ಲಿಡಬೇಕು. ನಿಜವಾದ ಪ್ರಶ್ನೆ ಬೇರೆ: ಸುತ್ತಲೂ ಇಂಥ ರಕ್ಷಕರಿಲ್ಲದ, ಇಷ್ಟು ಆಳದ ಬೆಂಚಿಲ್ಲದ ತಂಡದಲ್ಲಿ ಅವನು ಎಷ್ಟು ಎಳೆಯುತ್ತಿದ್ದ? ಜೋಕಿಚ್‌ಗೆ ಕೇಳಬೇಕಾದದ್ದು ಅದರ ತಿರುಗು ಮುರುಗು: ಇಂಥ ಬೆಂಚು ಸಿಕ್ಕಿದ್ದರೆ ಎಷ್ಟು ಗೆಲ್ಲುತ್ತಿದ್ದ?

ನಮ್ಮ ತೀರ್ಪು: ಒಂದೇ ಒಂದು ಆಟಗಾರನಿಂದ ತಂಡ ಕಟ್ಟಬೇಕಾದರೆ ಜೋಕಿಚ್. ಯಾರ ಜೊತೆ ನಿಲ್ಲಿಸಿದರೂ ಅವರ ಎಸೆತ ಸುಲಭವಾಗುತ್ತದೆ. ಇರುವ ಒಳ್ಳೆಯ ತಂಡಕ್ಕೆ ಒಬ್ಬನನ್ನು ಸೇರಿಸಬೇಕಾದರೆ ಶೇ, ಏಕೆಂದರೆ ಅವನಿಂದ ಎರಡೂ ಬದಿಯಲ್ಲಿ ತೂತು ಬೀಳುವುದಿಲ್ಲ. ಇವರಿಬ್ಬರಾದ ಮೇಲೆ ವರ್ಗ ಮುರಿಯುತ್ತದೆ.

ಬೆಟ್ಟೆ: ಯಾನಿಸ್, ಲೂಕಾ, ವೆಂಬಿ

ಯಾನಿಸ್ ಆಂಟೆಟೊಕೂಂಪೊ 30.4 ಅಂಕ, 11.9 ರೀಬೌಂಡ್, 6.5 ಅಸಿಸ್ಟ್. ಬುಟ್ಟಿಯ ಹತ್ತಿರ ಹೋದರೆ ತಡೆಯುವವರಿಲ್ಲ, ಕೋರ್ಟಿನ ಎಸೆತದಲ್ಲಿ 60 ಶೇಕಡ. ಮೂವರಲ್ಲಿ ಗಟ್ಟಿ ಆಟಗಾರ ಇವನೇ. ಸೆಪ್ಟೆಂಬರ್‌ನಲ್ಲಿ ಯೂರೋಬಾಸ್ಕೆಟ್‌ನಲ್ಲಿ ಗ್ರೀಸ್‌ಗೆ ಕಂಚು ತಂದುಕೊಟ್ಟ. ಆದರೆ ಅವನ ತಂಡ ಮಿಲ್ವಾಕಿಯ ಪರಿಸ್ಥಿತಿ ನೋಡಿ: ಏಪ್ರಿಲ್‌ನಲ್ಲಿ ಅಕಿಲಿಸ್ (ಹಿಮ್ಮಡಿಯ ಮೇಲಿನ ಸ್ನಾಯುರಜ್ಜು) ಹರಿದುಕೊಂಡ ಡೇಮಿಯನ್ ಲಿಲ್ಲರ್ಡ್‌ನನ್ನು ಕೈಬಿಟ್ಟು, ಆ ಜಾಗದ ಹಣದಲ್ಲಿ ಮೈಲ್ಸ್ ಟರ್ನರ್‌ನನ್ನು ತಂದರು. ಟರ್ನರ್ ಒಳ್ಳೆಯ ಸೆಂಟರ್, ಹೊರಗಿನಿಂದ ಎಸೆದು ಯಾನಿಸ್‌ಗೆ ಒಳಗೆ ಜಾಗ ಬಿಡುತ್ತಾನೆ. ಚೆಂಡು ನಡೆಸುವ ಕೆಲಸ ಮಾತ್ರ ಈಗ ಹೆಚ್ಚುಕಮ್ಮಿ ಯಾನಿಸ್‌ನ ತಲೆಗೇ ಬಿದ್ದಿದೆ. ಅಂಕಿ-ಅಂಶ ಉಬ್ಬಬಹುದು, ಮೊಣಕಾಲಿಗೆ ಅದು ಒಳ್ಳೆಯ ಸುದ್ದಿಯಲ್ಲ.

ಅವನ ಫ್ರೀ ಥ್ರೋ ಲೆಕ್ಕವನ್ನು ಹತ್ತಿರದಿಂದ ನೋಡಬೇಕು, ಪ್ರತಿ ವಿಭಾಗವನ್ನೂ ಬೇರೆ ಬೇರೆಯಾಗಿ ಗೆಲ್ಲಬೇಕಾದ ಫ್ಯಾಂಟಸಿ ಲೀಗ್‌ನಲ್ಲಿ ಬಹಳ ಜನ ಎಡವುವುದು ಇಲ್ಲೇ. ಪಂದ್ಯಕ್ಕೆ 10.6 ಯತ್ನ, ಒಳಗೆ ಹೋಗುವುದು 61.7 ಶೇಕಡ. ನಿಮ್ಮ ಉಳಿದ ಆಟಗಾರರು ವಾರಕ್ಕೆ 60 ಫ್ರೀ ಥ್ರೋ ಎಸೆದು 48 ಹಾಕುತ್ತಾರೆ ಅಂದುಕೊಳ್ಳಿ, 80 ಶೇಕಡ. ಯಾನಿಸ್ ಅದೇ ವಾರ ಮೂರು ಪಂದ್ಯದಲ್ಲಿ 32 ಎಸೆದು 20 ಹಾಕಿದ. ಒಟ್ಟು 92ಕ್ಕೆ 68, ಅಂದರೆ 73.9. ಒಬ್ಬನೇ ಆರು ಶೇಕಡ ಕೆಳಗೆ ಎಳೆದ. ಕೆಟ್ಟ ಎಸೆತಗಾರ ವಾರಕ್ಕೆ ನಾಲ್ಕು ಬಾರಿ ಎಸೆದರೆ ಗೊತ್ತೇ ಆಗುವುದಿಲ್ಲ, ಹೆಚ್ಚು ಎಸೆಯುವವನು ಕೆಟ್ಟವನಾದರೆ ಮುಚ್ಚುವುದು ಅಸಾಧ್ಯ. ಅವನನ್ನು ತೆಗೆದುಕೊಂಡರೆ ಫ್ರೀ ಥ್ರೋ ವಿಭಾಗವನ್ನು ಆ ದಿನವೇ ಬಿಟ್ಟುಕೊಟ್ಟು, ಫ್ರೀ ಥ್ರೋ ಬಾರದ ಆದರೆ ರೀಬೌಂಡ್, ಬ್ಲಾಕ್ ತರುವ ದೊಡ್ಡ ದೇಹದವರನ್ನು ಅಗ್ಗದಲ್ಲಿ ಹೆಕ್ಕಬೇಕು. ಅರ್ಧ ಬಿಟ್ಟು ಅರ್ಧ ಹಿಡಿದರೆ ಎರಡೂ ಹೋಗುತ್ತದೆ. ಅಂದಹಾಗೆ, 2021ರ ಫೈನಲ್‌ನ ಕೊನೆಯ ಪಂದ್ಯದಲ್ಲಿ ಇದೇ ಮನುಷ್ಯ 19 ಫ್ರೀ ಥ್ರೋಗೆ 17 ಹಾಕಿ 50 ಅಂಕದೊಂದಿಗೆ ಕಪ್ ಎತ್ತಿದ.

ಲೂಕಾ ಡೊನ್ಚಿಚ್ ವಿಷಯ ಹಟಕ್ಕೆ ಬಿದ್ದವನ ವಿಷಯ. ಫೆಬ್ರವರಿಯಲ್ಲಿ ಡಲ್ಲಾಸ್‌ನವರು ಅವನನ್ನು ಲೇಕರ್ಸ್‌ಗೆ ಕಳಿಸಿ ಆಂಥನಿ ಡೇವಿಸ್‌ನನ್ನು ತೆಗೆದುಕೊಂಡಾಗ ನಂಬಿದವರೇ ಕಡಿಮೆ. ಮೀನಖಂಡದ ನೋವಿನಿಂದ ಕಳೆದ ಸೀಸನ್‌ನಲ್ಲಿ ಆಡಿದ್ದು 50 ಪಂದ್ಯ. ಅಂಕ 28.2ಕ್ಕೆ ಇಳಿಯಿತು, ಅದಕ್ಕೂ ಹಿಂದಿನ ವರ್ಷ 33.9 ಇತ್ತು, ಅಟ್ಲಾಂಟಾ ವಿರುದ್ಧ ಒಂದೇ ಪಂದ್ಯದಲ್ಲಿ 73 ಹೊಡೆದ ವರ್ಷ ಅದು. ಈ ಬೇಸಿಗೆಯಲ್ಲಿ ತೂಕ ಇಳಿಸಿ ಸಪೂರವಾಗಿ ಬಂದಿದ್ದಾನೆ, ಯೂರೋಬಾಸ್ಕೆಟ್‌ನಲ್ಲಿ ಸ್ಲೊವೇನಿಯಾವನ್ನು ಒಬ್ಬನೇ ಹೊತ್ತು ತಿರುಗಿದ. ಲೇಕರ್ಸ್‌ನ ಜೊತೆಗಾರ ಲೆಬ್ರಾನ್ ಜೇಮ್ಸ್‌ಗೆ ಸಯಾಟಿಕಾ (ಸೊಂಟದಿಂದ ಕಾಲಿಗಿಳಿಯುವ ನರ) ನೋವು ಕಾಣಿಸಿಕೊಂಡು ಆರಂಭದ ಪಂದ್ಯಗಳು ತಪ್ಪಲಿರುವುದರಿಂದ ಅಕ್ಟೋಬರ್, ನವೆಂಬರ್‌ನಲ್ಲಿ ಚೆಂಡು ಪೂರ್ತಿ ಅವನ ಕೈಯಲ್ಲಿ. ರಕ್ಷಣೆಯಲ್ಲಿ ಎದುರಾಳಿ ಅವನನ್ನೇ ಹುಡುಕಿ ಆಟ ಕಟ್ಟುತ್ತಾನೆ ಎಂಬುದು ಹಳೆಯ ಸಮಸ್ಯೆ, ತೂಕ ಇಳಿದರೂ ಅದು ಪೂರ್ತಿ ಹೋಗುವ ಲಕ್ಷಣ ಇಲ್ಲ.

ಸ್ಯಾನ್ ಆಂಟೋನಿಯೊದ ವೆಂಬಿ, ಅಂದರೆ ವಿಕ್ಟರ್ ವೆಂಬನ್ಯಾಮ, ಎತ್ತರ 7 ಅಡಿ 4 ಅಂಗುಲ, ವಯಸ್ಸು 21. ಪಂದ್ಯಕ್ಕೆ 24.3 ಅಂಕ, 11 ರೀಬೌಂಡ್, 3.8 ಬ್ಲಾಕ್. ಆ ಬ್ಲಾಕ್ ಸಂಖ್ಯೆಯ ಹತ್ತಿರ ಬೇರೆ ಯಾರೂ ಇಲ್ಲ. ಅವನ ರಕ್ಷಣೆಯ ನಿಜವಾದ ಬೆಲೆ ಬ್ಲಾಕ್‌ಗಿಂತ ಹೆಚ್ಚಾಗಿ ಬ್ಲಾಕ್ ಆಗದ ಎಸೆತಗಳಲ್ಲಿದೆ. ಒಳಗೆ ನುಗ್ಗಿದ ಗಾರ್ಡ್ ಅವನನ್ನು ಕಂಡು ಚೆಂಡು ಹಿಡಿದುಕೊಂಡೇ ವಾಪಸ್ ಹೊರಗೆ ಓಡುವುದನ್ನು ಯಾವ ಅಂಕಿ-ಅಂಶವೂ ಬರೆದುಕೊಳ್ಳುವುದಿಲ್ಲ. ಆದರೆ ಫೆಬ್ರವರಿಯಲ್ಲಿ ಬಲ ಭುಜದಲ್ಲಿ ರಕ್ತ ಹೆಪ್ಪುಗಟ್ಟಿದ್ದು ಪತ್ತೆಯಾಗಿ ಸೀಸನ್ 46 ಪಂದ್ಯಕ್ಕೇ ಮುಗಿಯಿತು. ಜುಲೈನಲ್ಲಿ ಆಡಲು ವೈದ್ಯರ ಒಪ್ಪಿಗೆ ಸಿಕ್ಕಿದೆ. ಇನ್ನೊಂದು ತಕರಾರು, ಇಷ್ಟೆತ್ತರದವನು ಪಂದ್ಯಕ್ಕೆ ಒಂಬತ್ತರ ಹತ್ತಿರ ತ್ರೀ (ದೂರದ ಗೆರೆಯಾಚೆಯಿಂದ ಮೂರು ಅಂಕದ ಎಸೆತ) ಎಸೆದು 35 ಶೇಕಡ ಹಾಕುವುದು. ಎದುರಾಳಿ ಕೋಚ್‌ಗೆ ಅದಕ್ಕಿಂತ ನೆಮ್ಮದಿಯ ದೃಶ್ಯ ಇಲ್ಲ, ಅವನು ಬುಟ್ಟಿಯಿಂದ 25 ಅಡಿ ದೂರ ನಿಂತಿದ್ದಾನಲ್ಲ! ಈ ಸಲ ಒಳಗೆ ಹೆಚ್ಚು ಆಡಿದರೆ ಸರಕಿನ ವರ್ಗಕ್ಕೆ ಏರುವ ಶಕ್ತಿ ಇರುವುದು ಇವನೊಬ್ಬನಿಗೇ.

ರಾಶಿ, ಮತ್ತು ಬಲಿತ ಕಾಯಿಗಳು

ಎಡ್ವರ್ಡ್ಸ್ ಬಗ್ಗೆ ಮುಖ್ಯವಾದದ್ದು ಮೇಲೆಯೇ ಬಂತು: ತಪ್ಪಿಸಿಕೊಳ್ಳುವುದಿಲ್ಲ. ಕಳೆದ ಸಲ 320 ತ್ರೀ ಹಾಕಿ ಲೀಗ್‌ಗೇ ಮೊದಲಿಗನಾದ, ಮಿನೆಸೊಟಾವನ್ನು ಸತತ ಎರಡು ವರ್ಷ ಪಶ್ಚಿಮ ವಲಯದ ಫೈನಲ್‌ಗೆ ತಂದ. ಅಸಿಸ್ಟ್ 4.5 ಮಾತ್ರ, ಇಬ್ಬರು ಮುತ್ತಿದಾಗ ಚೆಂಡು ಬಿಡುವುದು ಇನ್ನೂ ತಡ. ನ್ಯೂಯಾರ್ಕ್‌ನ ಜೇಲನ್ ಬ್ರನ್ಸನ್ ಕೊನೆಯ ಐದು ನಿಮಿಷಕ್ಕೆ ಬೇಕಾದವನು, ಕಳೆದ ವರ್ಷದ ಕ್ಲಚ್ ಆಟಗಾರ ಪ್ರಶಸ್ತಿ ಅವನದ್ದೇ. ಹೊಸ ಕೋಚ್ ಮೈಕ್ ಬ್ರೌನ್ ಚೆಂಡನ್ನು ಹೆಚ್ಚು ಕೈಗಳಿಗೆ ಹಂಚಿದರೆ ಅವನ ಅಸಿಸ್ಟ್ ತುಸು ಇಳಿಯಬಹುದು. ಡೆಟ್ರಾಯಿಟ್‌ನ ಕೇಡ್ ಕನ್ನಿಂಗ್‌ಹ್ಯಾಮ್ 26.1 ಅಂಕ, 9.1 ಅಸಿಸ್ಟ್‌ನೊಂದಿಗೆ 14 ಗೆಲುವಿನ ತಂಡವನ್ನು 44 ಗೆಲುವಿಗೆ ಏರಿಸಿದ, ಆದರೆ ಟರ್ನೋವರ್ 4.4. ಪೂರ್ವ ವಲಯದಲ್ಲಿ ಬಾಸ್ಟನ್‌ನ ಟೇಟಮ್, ಇಂಡಿಯಾನಾದ ಹ್ಯಾಲಿಬರ್ಟನ್ ಇಬ್ಬರೂ ಅಕಿಲಿಸ್ ಹರಿದು ಮಲಗಿರುವುದರಿಂದ ಬ್ರನ್ಸನ್, ಕೇಡ್ ಇಬ್ಬರಿಗೂ ಬಾಗಿಲು ತೆರೆದಿದೆ.

ಸ್ಟೆಫ್ ಕರ್ರಿಗೆ 37, ಕೆವಿನ್ ಡುರಾಂಟ್‌ಗೆ ಸೆಪ್ಟೆಂಬರ್ ಕೊನೆಗೆ 37 ತುಂಬಿತು, ಲೆಬ್ರಾನ್‌ಗೆ ಡಿಸೆಂಬರ್ 30ಕ್ಕೆ 41. ಗೊರಬಲು ಎಂದರೆ ಅಭಿಮಾನಿಗಳು ಬೈಯುತ್ತಾರೆ, ಬಲಿತ ಕಾಯಿ ಅನ್ನೋಣ. ಒಂದು ಪಂದ್ಯಕ್ಕೆ ಮೂವರೂ ಈಗಲೂ ಮೇಲಿನ ಹದಿನೈದರಲ್ಲಿ ಬರುತ್ತಾರೆ. ಆದರೆ ಸತತ ಎರಡು ರಾತ್ರಿ ಪಂದ್ಯ ಬಂದಾಗ ಒಂದಕ್ಕೆ ಕೂರಿಸುವುದು ಇಂಥವರನ್ನೇ. ಮೂವರಲ್ಲಿ ಒಬ್ಬನೇ ಬೇಕೆಂದರೆ ಡುರಾಂಟ್. ಫೀನಿಕ್ಸ್‌ನಿಂದ ಹೂಸ್ಟನ್‌ಗೆ ಬಂದಿದ್ದಾನೆ, ಅಲ್ಲಿ ಅಂಕ ತರುವವರೇ ಕೊರತೆ, ಮೇಲಾಗಿ ಫ್ರೆಡ್ ವ್ಯಾನ್‌ವ್ಲೀಟ್ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ ಮೇಲೆ ಹೊರೆ ಇನ್ನೂ ಹೆಚ್ಚಿದೆ. ಲೆಬ್ರಾನ್‌ಗೆ ಇದು 23ನೇ ಸೀಸನ್, ಅಷ್ಟು ಆಡಿದವರು ಬೇರೆ ಯಾರೂ ಇಲ್ಲ. ನೋಡಲು ಪುಣ್ಯ ಬೇಕು, ಡ್ರಾಫ್ಟ್‌ನಲ್ಲಿ ಬೇಗ ಎತ್ತಬೇಡಿ.

ಫ್ಯಾಂಟಸಿಗೆ ಯಾರು

ಮೊದಲು ನಿಮ್ಮ ಲೀಗ್ ಯಾವ ಲೆಕ್ಕದ್ದು ಎಂದು ನೋಡಿ. ಪಾಯಿಂಟ್ ಲೀಗ್‌ನ ರೂಢಿಯ ಒಂದು ದರ ಹೀಗಿದೆ: ಅಂಕಕ್ಕೆ 1, ರೀಬೌಂಡ್‌ಗೆ 1.2, ಅಸಿಸ್ಟ್‌ಗೆ 1.5, ಸ್ಟೀಲ್ ಮತ್ತು ಬ್ಲಾಕ್‌ಗೆ 3, ಟರ್ನೋವರ್‌ಗೆ ಕಳೆ 1. ಕಳೆದ ಸೀಸನ್‌ನ ಸರಾಸರಿಯನ್ನು ಇದರಲ್ಲಿ ಹಾಕಿದರೆ ಪಂದ್ಯಕ್ಕೆ ಜೋಕಿಚ್ ಸುಮಾರು 64, ಯಾನಿಸ್ 57.6, ವೆಂಬಿ 54.5, ಶೇ 54, ಲೂಕಾ 52.6, ಎಡ್ವರ್ಡ್ಸ್ 43.4. ಈಗ ಆಡಿದ ಪಂದ್ಯದಿಂದ ಗುಣಿಸಿ. ಜೋಕಿಚ್ 4,480. ಶೇ 4,100 ದಾಟಿ ಎರಡನೆಯವನಾಗುತ್ತಾನೆ, ಯಾನಿಸ್ 3,860ರ ಹತ್ತಿರ. ಎಡ್ವರ್ಡ್ಸ್ 3,430ರ ಆಸುಪಾಸು, ಲೂಕಾ 2,630, ವೆಂಬಿ 2,510. ಪಂದ್ಯಕ್ಕೆ ಹನ್ನೊಂದು ಕಡಿಮೆ ತರುವ ಎಡ್ವರ್ಡ್ಸ್ ಸೀಸನ್ ಮುಗಿಯುವಾಗ ವೆಂಬಿಗಿಂತ 900 ಮುಂದೆ! ಆಡಿದ ಪಂದ್ಯವನ್ನು ಮೊದಲ ಕಲ್ಲು ಮಾಡಿದ್ದು ಇದಕ್ಕೇ.

ಒಂಬತ್ತು ವಿಭಾಗದ ಲೀಗ್ ಆದರೆ ಚಿತ್ರ ಬದಲು. ಅಲ್ಲಿ ಪ್ರತಿ ವಾರ ಕೋರ್ಟ್ ಎಸೆತದ ಶೇಕಡ, ಫ್ರೀ ಥ್ರೋ ಶೇಕಡ, ತ್ರೀ, ಅಂಕ, ರೀಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್, ಟರ್ನೋವರ್ ಬೇರೆ ಬೇರೆಯಾಗಿ ಗೆಲ್ಲಬೇಕು. ಜೋಕಿಚ್ ಇಲ್ಲೂ ಮೊದಲೇ, ಆದರೆ ಶೇ ಹೆಗಲಿಗೆ ಹೆಗಲು ಬರುತ್ತಾನೆ: ಫ್ರೀ ಥ್ರೋ ಎತ್ತುತ್ತಾನೆ, ಟರ್ನೋವರ್ ಉಳಿಸುತ್ತಾನೆ, ಗಾರ್ಡ್‌ನಿಂದ ಬ್ಲಾಕ್ ಬರುತ್ತದೆ. ವೆಂಬಿ ಒಬ್ಬನಿದ್ದರೆ ಬ್ಲಾಕ್ ವಿಭಾಗ ಅರ್ಧ ಗೆದ್ದ ಹಾಗೆ. ಯಾನಿಸ್ ಬೆಲೆ ಇಲ್ಲಿ ಇಳಿಯುತ್ತದೆ, ಕಾರಣ ಮೇಲೆ ಹೇಳಿದ್ದು.

ಹರಾಜಿನ ಲೀಗ್‌ನಲ್ಲಿ ಸಾಮಾನ್ಯವಾಗಿ ತಲಾ 200 ಯೂನಿಟ್, 13 ಆಟಗಾರರು. ಜೋಕಿಚ್‌ಗೆ 75 ಕೊಟ್ಟರೆ 12 ಜನಕ್ಕೆ 125 ಉಳಿಯುತ್ತದೆ, ತಲಾ ಹತ್ತರ ಮೇಲೆ ಚೂರು. ನಿಭಾಯಿಸಬಹುದು. ಆಸೆಬುರುಕರಾಗಿ ಇಬ್ಬರು ದೊಡ್ಡವರಿಗೆ 140 ಸುರಿದರೆ 11 ಜನಕ್ಕೆ 60, ತಲಾ ಐದೂವರೆ. ಆಗ ಡಿಸೆಂಬರ್‌ನಲ್ಲಿ ಒಬ್ಬ ಗಾಯಗೊಂಡರೆ ತಂಡವೇ ಮಲಗುತ್ತದೆ. ಸರಕಿನವನೊಬ್ಬ, ರಾಶಿಯಲ್ಲಿ ತಪ್ಪಿಸಿಕೊಳ್ಳದ ಮೂವರು, ಇದು ಹೆಚ್ಚು ಸಲ ದಡ ಸೇರುವ ಲೆಕ್ಕ. ಹಣ ಮಾತ್ರ ಕಟ್ಟಬೇಡಿ, ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂದಿದೆ. ಸೋತವರು ಗೋಪಿ ಸರ್ಕಲ್‌ನಲ್ಲಿ ಎಲ್ಲರಿಗೂ ಮಸಾಲೆ ದೋಸೆ ಕೊಡಿಸುವುದು ಅಂತ ಮಾಡಿಕೊಂಡರೆ ಸಾಕು.

ನೋಡುವುದಕ್ಕೆ ಯಾರು

ಇಲ್ಲಿ ಬಜೆಟ್ ಅಂದರೆ ನಿದ್ದೆ. ನವೆಂಬರ್ 2ರಂದು ಅಮೆರಿಕದ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಲ್ಲಿಂದ ನಮಗೆ ಎಲ್ಲವೂ ಒಂದು ಗಂಟೆ ತಡ. ಪೂರ್ವದ ತಂಡಗಳ ಸಂಜೆ 7ರ ಪಂದ್ಯ ನಮಗೆ ಬೆಳಗ್ಗೆ 5.30. ಶೇ, ಎಡ್ವರ್ಡ್ಸ್, ವೆಂಬಿ, ಯಾನಿಸ್ ತವರಿನಲ್ಲಿ ಸಂಜೆ 7ಕ್ಕೆ ಆಡಿದರೆ ನಮಗೆ 6.30. ಡೆನ್ವರ್‌ನಲ್ಲಿ ಅದೇ ಹೊತ್ತಿಗೆ ಶುರುವಾದರೆ 7.30, ಲಾಸ್ ಏಂಜಲಿಸ್‌ನ ಏಳೂವರೆ ಪಂದ್ಯ 9 ಗಂಟೆ. ಪಂದ್ಯ 48 ನಿಮಿಷದ್ದಾದರೂ ಟೈಮ್ ಔಟ್ ಎಲ್ಲ ಸೇರಿ ಎರಡೂವರೆ ಗಂಟೆ ಹಿಡಿಯುತ್ತದೆ. ಎಂಟಕ್ಕೆ ಬಸ್ ಹಿಡಿಯುವ ವಿದ್ಯಾರ್ಥಿಗೆ ಬ್ರನ್ಸನ್ ಸರಿ, ಅದೂ ಪೂರ್ತಿ ಸಿಕ್ಕುವುದು ಅಪರೂಪ. ಬೆಳಗ್ಗೆ ತೋಟಕ್ಕೆ ಹೋಗಿ ಒಂಬತ್ತಕ್ಕೆ ತಿಂಡಿಗೆ ಕೂರುವವರಿಗೆ ಲೂಕಾ ಹೇಳಿ ಮಾಡಿಸಿದ ಹಾಗೆ. ಜೋಕಿಚ್ ತವರಿನ ಪಂದ್ಯ ಕಚೇರಿಯವರಿಗೆ ಕೆಟ್ಟ ಹೊತ್ತು. ಅವನನ್ನು ಭಾನುವಾರ ಬೆಳಗ್ಗೆ ನೋಡಿ, ಅಲ್ಲಿನ ಶನಿವಾರ ರಾತ್ರಿಯ ಪಂದ್ಯ ಆಗ ಬರುತ್ತದೆ.

ಹಂಗಾಮಿನ ಪೂರ್ವಾರ್ಧ ಇಲ್ಲಿ ಅಡಿಕೆ ಗೊನೆ ಕೊಯ್ಲಿನ ಕಾಲವೂ ಹೌದು. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ ಫೋನ್ ಒರಗಿಸಿಟ್ಟು ಬೆಳಗಿನ ಪಂದ್ಯ ಮತ್ತೆ ಹಾಕಿಕೊಳ್ಳುವವರಿಗೆ ಒಂದು ಸಲಹೆ: ಶೇ ಪಂದ್ಯವನ್ನು ಸಂಕ್ಷಿಪ್ತವಾಗಿ ನೋಡಿದರೂ ನಷ್ಟವಿಲ್ಲ, ಅವನ ಆಟ ಎಸೆತದಲ್ಲೇ ಇದೆ. ಜೋಕಿಚ್ ಮತ್ತು ವೆಂಬಿ ಹಾಗಲ್ಲ. ಒಬ್ಬನ ಆಟ ಪಾಸಿಗೆ ಮುಂಚೆ ನಡೆಯುತ್ತದೆ, ಇನ್ನೊಬ್ಬನದ್ದು ಎಸೆತವೇ ಆಗದಂತೆ ನಡೆಯುತ್ತದೆ. ಹೈಲೈಟ್ಸ್‌ನಲ್ಲಿ ಎರಡೂ ಕತ್ತರಿಸಿ ಹೋಗಿರುತ್ತವೆ.

ಕಲಿಯುವುದಕ್ಕೆ ಯಾರು

ಮಳೆಗಾಲವಿಡೀ ಪಾಚಿ ಕಟ್ಟಿದ ಸಿಮೆಂಟ್ ಕೋರ್ಟು ಒಣಗಿ ಆಟ ಶುರುವಾಗುವುದೂ ಈಗಲೇ. ಹುಡುಗರು ಮೊದಲು ಮಾಡುವುದು ಕರ್ರಿಯ ನಕಲು, ಮೊದಲು ಕೆಡುವುದೂ ಅದರಿಂದಲೇ. ಎನ್‌ಬಿಎಯ ತ್ರೀ ಗೆರೆ ನೇರದಲ್ಲಿ 7.24 ಮೀಟರ್, ನಮ್ಮ ಕೋರ್ಟಿನದ್ದು 6.75. ಅದರಾಚೆಯಿಂದ ಎಸೆಯಲು ಕಾಲಿನ ಬಲ ಸಾಲದೆ ಹುಡುಗ ಭುಜದಿಂದ ತಳ್ಳುತ್ತಾನೆ, ಮೊಣಕೈ ಹೊರಗೆ ಹೋಗುತ್ತದೆ, ಚೆಂಡು ಚಪ್ಪಟೆ ದಾರಿಯಲ್ಲಿ ಹೋಗಿ ರಿಂಗ್‌ನ ಮುಂಭಾಗಕ್ಕೆ ಬಡಿಯುತ್ತದೆ. ಆ ಕೈ ಒಮ್ಮೆ ಕೂತರೆ ಬಿಡಿಸಲು ವರ್ಷ ಬೇಕು. ಕಲಿಯಲು ಬ್ರನ್ಸನ್ ಉತ್ತಮ. 6 ಅಡಿ 2 ಅಂಗುಲದವನು, ಎಗರಾಟ ಇಲ್ಲ, ಎರಡೂ ಕಾಲು ಒಟ್ಟಿಗೆ ಊರಿ ನಿಂತು, ಒಂದು ಕಾಲನ್ನು ಕೀಲಿನಂತೆ ಇಟ್ಟು ತಿರುಗುವುದೇ ಅವನ ಬಂಡವಾಳ. ಅದಕ್ಕೆ ದುಡ್ಡೂ ಬೇಡ, ಎತ್ತರವೂ ಬೇಡ. ನಂತರ ಶೇಯ ನಿಲುಗಡೆ: ಐದು ಜಾಗದಿಂದ, ಓಡಿ ಬಂದು ನಿಂತು, ತಲಾ ಹತ್ತು ಎಸೆತ. 50ಕ್ಕೆ 25 ಹಾಕುವವರೆಗೆ ದೂರ ಹೆಚ್ಚಿಸಬೇಡಿ. ಅವನ ಫೌಲ್ ಗಿಟ್ಟಿಸುವ ವಿದ್ಯೆ ಮಾತ್ರ ಬೇಡ, ನಮ್ಮ ಟೂರ್ನಿಗಳ ರೆಫರಿ ಸೀಟಿ ಬಾಯಿಗಿಡುವುದೇ ಇಲ್ಲ.

ಡ್ರಾಫ್ಟ್ ದಿನಕ್ಕೆ

ಹತ್ತು ತಂಡದ ಲೀಗ್‌ನಲ್ಲಿ ಸರದಿ ಹಾವಿನಂತೆ ತಿರುಗಿ ಬರುತ್ತದೆ. 1ನೆಯವರಿಗೆ ಮುಂದಿನದು 20ನೇ ಆಯ್ಕೆ, 10ನೆಯವರಿಗೆ 11. ಒಂದನೇ ಸರದಿ ಬಂದರೆ ಜೋಕಿಚ್, ಎರಡನೆಯದು ಶೇ, ಯೋಚಿಸಬೇಡಿ. ಮೂರನೆಯದು ಪಾಯಿಂಟ್ ಲೀಗ್‌ನಲ್ಲಿ ಯಾನಿಸ್, ಒಂಬತ್ತು ವಿಭಾಗದಲ್ಲಿ ವೆಂಬಿ. ನಾಲ್ಕರಲ್ಲಿ ಲೂಕಾ ಉಳಿದಿದ್ದರೆ ಎತ್ತಿ, ಈ ಸಲದ ಅವನ ದೇಹ ನೋಡಿದರೆ 65ರ ಗೆರೆ ದಾಟುವ ಲಕ್ಷಣ ಇದೆ. ಒಂಬತ್ತು ಹತ್ತರಲ್ಲಿ ಕೂತವರು ಎಡ್ವರ್ಡ್ಸ್ ಮತ್ತು ಕೇಡ್ ಇಬ್ಬರನ್ನೂ ಒಟ್ಟಿಗೆ ಹಿಡಿಯಲು ನೋಡಬಹುದು.

ಟೇಟಮ್‌ನನ್ನು ಏನು ಮಾಡುವುದು ಎನ್ನುವವರಿಗೆ: ಅವನ ಅಕಿಲಿಸ್ ಹರಿದದ್ದು ಮೇ 12ಕ್ಕೆ, ಬಂದರೂ ಸೀಸನ್‌ನ ಕೊನೆಗೇ. ಲೀಗ್‌ನಲ್ಲಿ ಗಾಯಾಳುಗಳಿಗೆಂದು ಬೇರೆ ಸ್ಥಾನ ಇದ್ದರೆ ಕೊನೆಯ ಸುತ್ತಿನಲ್ಲಿ ತೆಗೆದು ಅಲ್ಲಿಡಿ. ಇಲ್ಲದಿದ್ದರೆ ಬೆಂಚಿನ ಒಂದು ಜಾಗ ತಿಂಗಳುಗಟ್ಟಲೆ ಸುಮ್ಮನೆ ಹೋಗುತ್ತದೆ, ಬಿಟ್ಟುಬಿಡಿ. ಹ್ಯಾಲಿಬರ್ಟನ್ ಈ ಸೀಸನ್ ಪೂರ್ತಿ ಆಡುವುದಿಲ್ಲ ಎಂದು ಇಂಡಿಯಾನಾ ಆಗಲೇ ಹೇಳಿದೆ. ಡ್ರಾಫ್ಟ್ ಪರದೆಯಲ್ಲಿ ಅವನ ಹೆಸರು ಇನ್ನೂ ಕಾಣುತ್ತಿರುತ್ತದೆ, ಗಡಿಬಿಡಿಯಲ್ಲಿ ಬೆರಳು ತಾಗಿಸಬೇಡಿ.